ಕೊಂದು ಉಳಿಸೋದಾ? ಆ ಸಿಂಹ ಯಾರದ್ದು ಅಂತ ಮೊದಲು ಕೇಳಿ

ಪ್ರಶ್ನೆ: ನಾನು ಸಕಲೇಶಪುರದ ಹತ್ತಿರ ಕಾಫಿ ಬೆಳೆಗಾರ. ಬೆಂಗಳೂರಿನಲ್ಲಿರುವ ಮಗ ವಾಟ್ಸಾಪಿನಲ್ಲಿ ಒಂದು ಫೋಟೊ ಕಳಿಸಿದ. ಆಫ್ರಿಕಾದಲ್ಲಿ ಒಬ್ಬ ಸತ್ತ ಸಿಂಹದ ಹಿಂದೆ ಮಂಡಿಯೂರಿ ಕೂತು ನಗುತ್ತಿದ್ದಾನೆ. ಕೆಳಗೆ 'ಬೇಟೆಯೇ ವನ್ಯಜೀವಿ ಸಂರಕ್ಷಣೆ' ಅಂತ ಬರೆದಿದೆ. ಕೊಂದು ಉಳಿಸೋದು ಅಂದ್ರೆ ಏನು ಸ್ವಾಮಿ? ದುಡ್ಡಿದ್ದವರ ಶೋಕಿಗೆ ಇಟ್ಟ ಒಳ್ಳೆ ಹೆಸರಾ, ಇಲ್ಲ ಅದರಲ್ಲಿ ನಿಜ ಏನಾದ್ರೂ ಇದೆಯಾ? ನಿಜ ಇದ್ದರೆ ನಮ್ಮ ತೋಟಕ್ಕೆ ನುಗ್ಗುವ ಆನೆಗಳ ವಿಷಯದಲ್ಲೂ ಇದು ಆಗುತ್ತಾ? ಫೋಟೊ ಜೊತೆಗಿಟ್ಟಿದ್ದೇನೆ.

ಉತ್ತರ: ಫೋಟೊ ನೋಡಿದೆ. ನನಗೂ ಇಷ್ಟವಾಗಲಿಲ್ಲ. ಸತ್ತ ಪ್ರಾಣಿಯ ಕೇಸರ ಸವರುತ್ತಾ ಹಲ್ಲು ಕಿರಿಯುವುದು ಯಾಕೆ ಬೇಕು ಅಂತ ಇಷ್ಟು ವರ್ಷ ಈ ವಿಷಯ ಓದಿಕೊಂಡು ಬಂದರೂ ನನಗೆ ಅರ್ಥವಾಗಿಲ್ಲ. ಆದರೆ ನೀವು ಕೇಳಿದ್ದು ಆ ಮನುಷ್ಯನ ಬಗ್ಗೆ ಅಲ್ಲವಲ್ಲ. ಅದರಿಂದ ಕಾಡು ಉಳಿಯುತ್ತಾ ಅಂತ ಕೇಳಿದ್ದೀರಿ. ಕೆಲವು ಕಡೆ ಉಳಿದಿದೆ. ಕೆಲವು ಕಡೆ ಅದು ಶುದ್ಧ ಬೊಗಳೆ. ಎರಡೂ ಕಡೆ ಬಂದೂಕು ಒಂದೇ, ಬೇಟೆಗಾರನೂ ಒಬ್ಬನೇ ಇರಬಹುದು. ಆ ಪ್ರಾಣಿ ಯಾರದ್ದು, ಅದು ಬಿದ್ದಾಗ ದುಡ್ಡು ಯಾರ ಕೈಗೆ ಹೋಗುತ್ತದೆ ಅನ್ನೋದು ಮಾತ್ರ ಬೇರೆ.

ಸಫಾರಿ ಅಂದ ಕೂಡಲೇ ನಮಗೆ ಕಬಿನಿಯ ಹಸಿರು ಜೀಪು ನೆನಪಾಗುತ್ತದೆ. ಸ್ವಾಹಿಲಿಯಲ್ಲಿ ಆ ಪದಕ್ಕೆ ಪ್ರಯಾಣ ಅಂತಷ್ಟೇ ಅರ್ಥ. ಆಫ್ರಿಕಾದಲ್ಲಿ ಕ್ಯಾಮೆರಾ ಹಿಡಿದು ಹೋಗುವವರೂ ಸಫಾರಿ ಅನ್ನುತ್ತಾರೆ, ರೈಫಲ್ ಹಿಡಿದು ಹೋಗುವವರೂ ಸಫಾರಿ ಅನ್ನುತ್ತಾರೆ. ಎರಡನೆಯದು ಸಣ್ಣ ವ್ಯವಹಾರ ಅಂದುಕೊಳ್ಳಬೇಡಿ. 2007ರಲ್ಲಿ ಪ್ರಕಟವಾದ ಒಂದು ಅಂದಾಜಿನ ಪ್ರಕಾರ ಸಹಾರಾದ ದಕ್ಷಿಣಕ್ಕೆ ಸುಮಾರು 14 ಲಕ್ಷ ಚದರ ಕಿಲೋಮೀಟರ್ ಜಾಗ ಇಂಥ ಬೇಟೆಗೆ ಬಳಕೆಯಾಗುತ್ತಿತ್ತು. ಅಂದರೆ ಏಳು ಕರ್ನಾಟಕ. ಅಲ್ಲಿನ ಎಲ್ಲ ರಾಷ್ಟ್ರೀಯ ಉದ್ಯಾನಗಳನ್ನು ಸೇರಿಸಿದರೂ ಇಷ್ಟು ಆಗುವುದಿಲ್ಲ. ಹಾಗಾಗಿ 'ನಿಲ್ಲಿಸಿಬಿಡಿ' ಅನ್ನುವ ಮೊದಲು ಆ ಏಳು ಕರ್ನಾಟಕದಲ್ಲಿ ನಾಳೆ ಏನು ಬರುತ್ತದೆ ಅಂತ ಕೇಳಲೇಬೇಕು. ಬಹಳ ಕಡೆ ಬರೋದು ದನ, ಮೇಕೆ, ಜೋಳದ ಹೊಲ.

ಇನ್ನೊಂದು ವಿಷಯ. ಆಫ್ರಿಕಾದ ಸಿಂಹಗಳು ಕಮ್ಮಿಯಾಗುತ್ತಿರುವುದಕ್ಕೆ ದೊಡ್ಡ ಕಾರಣ ಪರ್ಮಿಟ್ ತಗೊಂಡ ಬೇಟೆಗಾರ ಅಲ್ಲ. ಜಾಗ ಹೋಗುತ್ತಿದೆ. ಮಾಂಸಕ್ಕೆ ಇಟ್ಟ ತಂತಿ ಉರುಳಿಗೆ ಸಿಂಹವೂ ಸಿಕ್ಕಿಬೀಳುತ್ತದೆ. ಮತ್ತೆ ವಿಷ. ದನ ಹೋದ ಸಿಟ್ಟಿನಲ್ಲಿ ಸತ್ತ ದನದ ಮೇಲೆ ಕಾರ್ಬೊಫ್ಯುರಾನ್ ಉದುರಿಸುತ್ತಾರೆ. ನೀವು ಬೆಳೆಗಾರರು, ಆ ಹರಳು ಔಷಧಿ ನಿಮಗೆ ಗೊತ್ತಿರುತ್ತದೆ, ಬಾಳೆ ಬುಡಕ್ಕೆ ಹಾಕುತ್ತಿದ್ದದ್ದು. ಕೀನ್ಯಾದಲ್ಲಿ ಒಂದೊಂದು ಸಲ ಇಡೀ ಸಿಂಹದ ಗುಂಪು, ಮೇಲೆ ಕೂತ ರಣಹದ್ದುಗಳ ಸಮೇತ ಹೋಗಿದೆ. ಅದರ ಫೋಟೊ ಯಾರೂ ವಾಟ್ಸಾಪಿನಲ್ಲಿ ಕಳಿಸುವುದಿಲ್ಲ.

ನಾನು ನಮೀಬಿಯಾದ ಕಥೆಯನ್ನೇ ಹಿಡಿದುಕೊಳ್ಳುತ್ತೇನೆ. ಯಾಕಂದರೆ ಅಲ್ಲಿ ಈ ವಾದದ ಒಳ್ಳೆಯದು ಕೆಟ್ಟದು ಎರಡೂ ಬಿಡಿಬಿಡಿಯಾಗಿ ಕಾಣುತ್ತದೆ. ಕರ್ನಾಟಕದ ನಾಲ್ಕು ಪಟ್ಟು ದೊಡ್ಡ ದೇಶ. ಜನ ಮಾತ್ರ 30 ಲಕ್ಷ, ಬೆಂಗಳೂರಿನ ಕಾಲು ಭಾಗದಷ್ಟು. ಬಹುಪಾಲು ಒಣ ನೆಲ. ಮೊದಲು ಅಲ್ಲಿನ ಬಿಳಿ ರೈತರ ಫಾರ್ಮುಗಳಲ್ಲಿ ಓರಿಕ್ಸ್, ಕುಡು ಅನ್ನುವ ದೊಡ್ಡ ಹುಲ್ಲೆಗಳು, ಜೀಬ್ರಾ ಎಲ್ಲ ದನದ ಹುಲ್ಲಿಗೆ ಪಾಲು ಕೇಳುವ ಪೀಡೆಗಳು. ಪ್ರಾಣಿ ಸರ್ಕಾರದ್ದು, ನಷ್ಟ ರೈತನದ್ದು. ಕಂಡಲ್ಲಿ ಹೊಡೆಯುತ್ತಿದ್ದರು. 1967ರಲ್ಲಿ ಒಂದು ಕಾನೂನು ಬಂತು. ಸ್ವಂತ ಜಮೀನಿನ ಪ್ರಾಣಿಗಳ ಮೇಲೆ ರೈತನಿಗೆ ಕೆಲವು ಷರತ್ತುಗಳ ಜೊತೆ ಹಕ್ಕು ಸಿಕ್ಕಿತು. ಬೇಟೆ ಆಡಿಸಬಹುದು, ಮಾಂಸ ಮಾರಬಹುದು, ಜೀವಂತವಾಗಿಯೂ ಮಾರಬಹುದು. ನಿನ್ನೆಯವರೆಗೆ ಪೀಡೆಯಾಗಿದ್ದ ಕುಡು ಇವತ್ತು ಆಸ್ತಿ. ಮುಂದಿನ ಕೆಲವು ದಶಕಗಳಲ್ಲಿ ಆ ಫಾರ್ಮುಗಳಲ್ಲಿ ಪ್ರಾಣಿಗಳು ಹೆಚ್ಚುತ್ತಾ ಹೋದವು.

ಆದರೆ ಈ ಹಕ್ಕು ಬಿಳಿಯರಿಗೆ ಮಾತ್ರ. ಬೇಲಿ ಆಚೆಯ ಸಮುದಾಯದ ನೆಲದಲ್ಲಿದ್ದ ಕಪ್ಪು ಜನಕ್ಕೆ ಏನೂ ಇಲ್ಲ. ಅವರ ಅಜ್ಜ ಮಾಡುತ್ತಿದ್ದ ಬೇಟೆಯನ್ನೇ ಮೊಮ್ಮಗ ಮಾಡಿದರೆ ಕಳ್ಳಬೇಟೆ, ಜೈಲು. 1980ರ ದಶಕದ ಶುರುವಿನಲ್ಲಿ ವಾಯುವ್ಯದ ಒಣ ಪ್ರದೇಶಕ್ಕೆ ಭೀಕರ ಬರ ಬಂತು. ಹೆರೆರೊ, ಹಿಂಬಾ ಜನರ ದನಗಳು ಸಾಲುಸಾಲಾಗಿ ಸತ್ತವು. ಜೊತೆಗೆ ಯುದ್ಧ, ಎಲ್ಲರ ಕೈಯಲ್ಲೂ ಬಂದೂಕು. ಆನೆ, ಘೇಂಡಾಮೃಗ ಉರುಳುತ್ತಾ ಹೋದವು. ಹೊಡೆದವರಲ್ಲಿ ಹಸಿದ ಹಳ್ಳಿಯವರಿದ್ದರು, ಸೈನಿಕರೂ ಅಧಿಕಾರಿಗಳೂ ಇದ್ದರು. ಆಗ ಗಾರ್ತ್ ಓವೆನ್ ಸ್ಮಿತ್ ಅನ್ನುವ ವನ್ಯಜೀವಿ ಸಂರಕ್ಷಕರು ಒಂದು ಸರಳ ಕೆಲಸ ಮಾಡಿದರು. ಊರ ಮುಖಂಡರ ಹತ್ತಿರ ಹೋಗಿ ಕೂತು ಮಾತಾಡಿದರು. ನಿಮ್ಮ ಮಕ್ಕಳು ಘೇಂಡಾಮೃಗ ನೋಡೋದು ಬೇಡವಾ ಅಂತ. ಜೋಶುವಾ ಕಾಂಗೊಂಬೆಯಂಥ ಮುಖಂಡರು ಒಪ್ಪಿ ತಮ್ಮ ಊರಿನ ಜನರನ್ನೇ ಕಾವಲಿಗೆ ಕಳಿಸಿದರು. ಶುರುವಿನಲ್ಲಿ ಸಂಬಳ ಅಂದರೆ ಹಿಟ್ಟು, ಸಕ್ಕರೆಯಂಥ ದಿನಸಿ. ಕಾವಲುಗಾರನನ್ನು ನೇಮಿಸುತ್ತಿದ್ದದ್ದು ಊರ ಮುಖಂಡ, ಅರಣ್ಯ ಇಲಾಖೆ ಅಲ್ಲ. ಅವನು ಉತ್ತರ ಹೇಳಬೇಕಾದದ್ದೂ ಊರಿಗೇ. ಕಳ್ಳಬೇಟೆ ಇಳಿಯಿತು.

1990ರಲ್ಲಿ ಸ್ವಾತಂತ್ರ್ಯ ಬಂತು. ಬಿಳಿ ರೈತರಿಗೆ ಕೊಟ್ಟ ಹಕ್ಕನ್ನು ಉಳಿದವರಿಗೂ ಕೊಡಿ ಅಂತ 1996ರಲ್ಲಿ ಕಾನೂನು ತಿದ್ದಿದರು. ಊರಿನವರು ಸೇರಿ ತಮ್ಮ ಗಡಿ ಗುರುತಿಸಿ, ಸದಸ್ಯರ ಪಟ್ಟಿ ಮಾಡಿ, ಸಮಿತಿ ಆರಿಸಿ ನೋಂದಾಯಿಸಿಕೊಂಡರೆ ಅದು ಒಂದು 'ಕನ್ಸರ್ವೆನ್ಸಿ'. 1998ರಲ್ಲಿ ಮೊದಲ ನಾಲ್ಕು ಹುಟ್ಟಿದವು. ಈಗ 86 ಇವೆ. ದೇಶದ ಐದನೇ ಒಂದು ಭಾಗ ನೆಲ ಇವುಗಳ ಕೈಯಲ್ಲಿದೆ. ಎಷ್ಟು ಪ್ರಾಣಿ ಹೊಡೆಯಬಹುದು ಅನ್ನುವ ಕೋಟಾವನ್ನು ಎಣಿಕೆ ನೋಡಿ ಸಚಿವಾಲಯ ಕೊಡುತ್ತದೆ. ಬೇಟೆ ಕಂಪನಿಯ ಜೊತೆ ಕರಾರು ಮಾಡಿಕೊಳ್ಳೋದು ಕನ್ಸರ್ವೆನ್ಸಿ. ಆ ದುಡ್ಡು ನೇರ ಅದರ ಖಾತೆಗೇ ಬರುತ್ತದೆ, ಮಧ್ಯದಲ್ಲಿ ಸರ್ಕಾರ ಪಾಲು ಎತ್ತಿಕೊಳ್ಳುವುದಿಲ್ಲ. ಈ ಕೊನೆಯ ವಾಕ್ಯವನ್ನು ನೆನಪಿಟ್ಟುಕೊಳ್ಳಿ, ಮುಂದೆ ಜಿಂಬಾಬ್ವೆಗೆ ಹೋದಾಗ ಬೇಕಾಗುತ್ತದೆ.

ಇದು ನೆಲದ ಮೇಲೆ ಹೇಗಿರುತ್ತದೆ ಅಂತ ಹೇಳುತ್ತೇನೆ. ದೇಶದ ಈಶಾನ್ಯ ಮೂಲೆಯಲ್ಲಿ ನ್ಯಾಯ್ ನ್ಯಾಯ್ ಅನ್ನುವ ಕನ್ಸರ್ವೆನ್ಸಿ ಇದೆ. ಆ ಮೊದಲ ನಾಲ್ಕರಲ್ಲಿ ಒಂದು. ಸುಮಾರು 9,000 ಚದರ ಕಿಲೋಮೀಟರ್, ಅಂದರೆ ಎರಡು ಕೊಡಗು ಸೇರಿಸಿದರೂ ಅದಕ್ಕಿಂತ ಸ್ವಲ್ಪ ದೊಡ್ಡದೇ. ಅಲ್ಲಿರುವವರು ಜುಹೊಆನ್ಸಿ ಅನ್ನುವ ಸಾನ್ ಜನ. (ಹೆಸರಿನ ಮಧ್ಯ ನಾಲಿಗೆ ಚಟಕ್ ಅನ್ನಿಸುವ ಒಂದು ಸದ್ದಿದೆ. ನಮ್ಮ 49 ಅಕ್ಷರಗಳಲ್ಲಿ ಅದಕ್ಕೆ ಜಾಗವಿಲ್ಲ, ಬಿಟ್ಟಿದ್ದೇನೆ.) ಡಾಂಬರು ರಸ್ತೆ ಬಿಟ್ಟ ಮೇಲೆ 200 ಕಿಲೋಮೀಟರಿಗೂ ಜಾಸ್ತಿ ಜಲ್ಲಿ ರಸ್ತೆ ಹೋದರೆ ಟ್ಸುಮ್‌ಕ್ವೆ ಅನ್ನುವ ಸಣ್ಣ ಊರು ಸಿಗುತ್ತದೆ. ಅದರಾಚೆ ಮರಳು, ಕುರುಚಲು, ಅಲ್ಲೊಂದು ಇಲ್ಲೊಂದು ಬವೊಬಾಬ್ ಮರ. ಆನೆಗಳಿವೆ. ಆದರೆ ಜೀಪಿನಲ್ಲಿ ಕೂತು ಅರ್ಧ ದಿನ ಸುತ್ತಿದರೂ ಕಾಣದೇ ಇರಬಹುದು. ದಿನಕ್ಕೆ ಇಷ್ಟು ಡಾಲರ್ ಅಂತ ಕೊಟ್ಟು ಬರುವ ಪ್ರವಾಸಿಗೆ ಅಷ್ಟು ತಾಳ್ಮೆ ಇರೋದಿಲ್ಲ. ಅವನು ಎಟೋಶಾ ರಾಷ್ಟ್ರೀಯ ಉದ್ಯಾನಕ್ಕೆ ಹೋಗುತ್ತಾನೆ. ಅಲ್ಲಿ ನೀರಿನ ಹೊಂಡದ ಪಕ್ಕ ಕಾರು ನಿಲ್ಲಿಸಿದರೆ ಸಾಕು, ಪ್ರಾಣಿಗಳೇ ಬರುತ್ತವೆ.

'ಬೇಟೆ ಬೇಡ, ಪ್ರವಾಸೋದ್ಯಮ ಮಾಡಿ' ಅನ್ನುವವರು ಈ ಜಲ್ಲಿ ರಸ್ತೆಯಲ್ಲಿ ಒಂದು ಸಲ ಹೋಗಿಬರಬೇಕು. ಬೇಟೆಗಾರನಿಗೆ ಲಾಡ್ಜ್ ಬೇಡ, ಈಜುಕೊಳ ಬೇಡ. ಟೆಂಟು ಸಾಕು. ಆನೆಯ ಹೆಜ್ಜೆ ಹಿಡಿದು ಹತ್ತು ದಿನ ನಡೆಯೋದಕ್ಕೇ ಅವನು ದುಡ್ಡು ಕೊಡುತ್ತಾನೆ. ಒಬ್ಬನೇ ಬಂದು ಹೋದರೂ ನೂರಾರು ಪ್ರವಾಸಿಗಳಿಂದ ಆಗದಷ್ಟು ಹಣ ಬಿಟ್ಟುಹೋಗುತ್ತಾನೆ. ಆ ಹಣದಿಂದ ಕಾವಲುಗಾರರ ಸಂಬಳ, ಬೋರ್‌ವೆಲ್ ರಿಪೇರಿ, ಉಳಿದದ್ದು ಸದಸ್ಯರಿಗೆ ಹಂಚಿಕೆ. ಜೊತೆಗೆ ಮಾಂಸ. ಬೇಟೆಗಾರ ದಂತ, ಚರ್ಮ ತಗೊಂಡು ಹೋಗುತ್ತಾನೆ, ಮಾಂಸ ಊರಿಗೆ. ಆನೆ ಬಿದ್ದ ಸುದ್ದಿ ಹೇಗೋ ಮುಟ್ಟುತ್ತದೆ, ಹಳ್ಳಿ ಹಳ್ಳಿಯಿಂದ ಚಾಕು ಹಿಡಿದು ಜನ ಬರುತ್ತಾರೆ. ಉದ್ದುದ್ದ ಪಟ್ಟಿಗಳಾಗಿ ಸೀಳಿ, ಮರದ ಕೊಂಬೆಗಳ ಮೇಲೆ ನೇತುಹಾಕಿ ಒಣಗಿಸುತ್ತಾರೆ, ನಮ್ಮಲ್ಲಿ ಸಂಡಿಗೆ ಒಣಗಿಸಿದಂತೆ ಅನ್ನಿ. ಸಂಜೆ ಹೊತ್ತಿಗೆ ಅಲ್ಲಿ ಉಳಿಯೋದು ಮೂಳೆ ಮತ್ತು ಹೊಟ್ಟೆಯೊಳಗಿನ ಹುಲ್ಲಿನ ರಾಶಿ. ಒಂದು ವಿಚಿತ್ರ ನೋಡಿ. ಇದೇ ಜುಹೊಆನ್ಸಿ ಜನಕ್ಕೆ ಇವತ್ತಿಗೂ ಬಿಲ್ಲು ಬಾಣದಿಂದ ತಮ್ಮ ಊಟಕ್ಕೆ ಬೇಟೆ ಆಡುವ ಕಾನೂನುಬದ್ಧ ಹಕ್ಕಿದೆ. ಒಂದು ಜೀರುಂಡೆಯ ಮರಿಹುಳದ ವಿಷ ಸವರಿದ ಬಾಣ. ಒಂದೇ ಕಾಡಿನಲ್ಲಿ ಆ ಬಾಣವೂ ಇದೆ, ಸಾವಿರಾರು ಡಾಲರಿನ ರೈಫಲೂ ಇದೆ.

ಎಣಿಕೆ ಹೇಗೆ ಅಂತ ಕೇಳುತ್ತೀರಿ. ಹುಣ್ಣಿಮೆ ರಾತ್ರಿ ಸೇರಿಸಿಕೊಂಡು ಎರಡು ಹಗಲು ಎರಡು ರಾತ್ರಿ ಒಂದೊಂದು ನೀರಿನ ಹೊಂಡದ ಹತ್ತಿರ ಜನ ಕೂತು, ಕುಡಿಯಲು ಬಂದ ಪ್ರಾಣಿಗಳನ್ನೆಲ್ಲ ಬರೆದುಕೊಳ್ಳುತ್ತಾರೆ. ಒಣ ದೇಶದಲ್ಲಿ ಇದು ಚೆನ್ನಾಗಿಯೇ ನಡೆಯುತ್ತದೆ. ಇದಲ್ಲದೆ ಪ್ರತಿ ಕಾವಲುಗಾರನ ಹತ್ತಿರ ಒಂದು ಹಳದಿ ಪುಸ್ತಕ. ಓದು ಬರಹ ಹೆಚ್ಚು ಬಾರದಿದ್ದರೂ ಬಳಸಬಹುದಾದಂಥದ್ದು. ಚಿರತೆ ಮೇಕೆ ಹಿಡಿಯಿತಾ, ಆ ತಿಂಗಳ ಕಾಲಮ್ಮಿನಲ್ಲಿ ಒಂದು ಚೌಕ ತುಂಬು. ಆನೆ ಬೇಲಿ ಮುರಿಯಿತಾ, ಇನ್ನೊಂದು ಚೌಕ. ವರ್ಷದ ಕೊನೆಗೆ ಚೌಕಗಳು ಒಂದರ ಮೇಲೊಂದು ನಿಂತು ತಾವೇ ಗ್ರಾಫ್ ಆಗಿರುತ್ತವೆ. ತಿಂಗಳ ಒಟ್ಟು ಲೆಕ್ಕಕ್ಕೆ ನೀಲಿ ಹಾಳೆ, ವರ್ಷಗಳ ಲೆಕ್ಕಕ್ಕೆ ಕೆಂಪು ಹಾಳೆ. ಮರದ ಕೆಳಗೆ ಊರಿನ ಸಭೆ ಸೇರಿದಾಗ ಆ ಹಾಳೆ ಎಲ್ಲರಿಗೂ ಕಾಣುತ್ತದೆ. ನಮ್ಮ ಕಡೆ ಆನೆ ದಾಳಿಯ ಲೆಕ್ಕ ಕಚೇರಿಯ ಫೈಲಿನಲ್ಲಿರುತ್ತದೆ, ಅಲ್ವಾ? ನನಗೆ ಆ ಹಳದಿ ಪುಸ್ತಕ ನೋಡಿದಾಗಲೆಲ್ಲ ಸ್ವಲ್ಪ ಹೊಟ್ಟೆಕಿಚ್ಚಾಗುತ್ತದೆ.

2016ರಲ್ಲಿ ಬಂದ ಒಂದು ಅಧ್ಯಯನ ಈ ಕನ್ಸರ್ವೆನ್ಸಿಗಳ ಆದಾಯವನ್ನು ಬಿಡಿಸಿ ನೋಡಿತು. ಹುಟ್ಟಿದ ಮೇಲೆ ಬೇಟೆಯಿಂದ ದುಡ್ಡು ಬರಲು ಶುರುವಾಗೋದು ಬಹುಪಾಲು ಮೂರು ವರ್ಷದೊಳಗೆ. ಪ್ರವಾಸೋದ್ಯಮದಿಂದ ಆರು ವರ್ಷ ದಾಟಿದ ಮೇಲೆ. ಪ್ರವಾಸೋದ್ಯಮ ಕೊಡೋದು ಹೆಚ್ಚಾಗಿ ಲಾಡ್ಜಿನ ನೌಕರಿ. ಬೇಟೆ ಕೊಡೋದು ಸಮಿತಿಯ ಖರ್ಚಿಗೆ ಹಣ, ಊರಿಗೆ ಮಾಂಸ. ಬೇಟೆಯನ್ನು ಪೂರ್ತಿ ತೆಗೆದರೆ ಏನಾಗುತ್ತದೆ ಅಂತ ಲೆಕ್ಕ ಹಾಕಿದಾಗ, ತಮ್ಮ ಖರ್ಚು ತಾವೇ ತೂಗಿಸಿಕೊಳ್ಳುವ ಕನ್ಸರ್ವೆನ್ಸಿಗಳ ಸಂಖ್ಯೆ ದೊಡ್ಡ ಮಟ್ಟದಲ್ಲಿ ಕುಸಿಯಿತು. ಪ್ರವಾಸೋದ್ಯಮ ತೆಗೆದರೂ ಪೆಟ್ಟು ಬೀಳುತ್ತದೆ, ಆದರೆ ಅಷ್ಟಲ್ಲ. 1990ರ ದಶಕದ ಮಧ್ಯದಲ್ಲಿ ನಮೀಬಿಯಾದಲ್ಲಿ ಸುಮಾರು 7,500 ಆನೆಗಳಿದ್ದವು. ಈಗ 20,000 ದಾಟಿವೆ. ವರ್ಷಕ್ಕೆ ಬೇಟೆಯಿಂದ ರಫ್ತು ಮಾಡಬಹುದಾದದ್ದು 90 ಆನೆಗಳ ದಂತ ಮಾತ್ರ, ಅಂದರೆ ನೂರಕ್ಕೆ ಒಂದೂ ಇಲ್ಲ.

ಎಲ್ಲ ಸುಖವಾಗಿದೆ ಅಂದುಕೊಳ್ಳಬೇಡಿ. ವಾಯುವ್ಯದಲ್ಲಿ 2010ರ ದಶಕದ ಬರಗಾಲಕ್ಕೆ ಓರಿಕ್ಸ್, ಜೀಬ್ರಾ ಬಹಳ ಇಳಿದವು. ಘೇಂಡಾಮೃಗದ ಕಳ್ಳಬೇಟೆ ಈಗಲೂ ಇದೆ, ಅದೂ ಸರ್ಕಾರವೇ ಕಾಯುವ ಎಟೋಶಾದೊಳಗೂ. 2024ರ ಬರದಲ್ಲಿ ಜನರಿಗೆ ಮಾಂಸ ಹಂಚಲು 83 ಆನೆ ಸೇರಿ 723 ಪ್ರಾಣಿಗಳನ್ನು ಹೊಡೆಯುವುದಾಗಿ ಸರ್ಕಾರ ಹೇಳಿದಾಗ ಪ್ರಪಂಚವೆಲ್ಲ ಬೈಯಿತು. ಅಲ್ಲಿನ ಹಳ್ಳಿಗಳಲ್ಲಿ ಆ ಗಲಾಟೆ ಕೇಳಿಸಿರಲಿಕ್ಕಿಲ್ಲ.

ಘೇಂಡಾಮೃಗದ ಹರಾಜಿನ ಸುದ್ದಿಯೂ ನಿಮ್ಮ ಕಿವಿಗೆ ಬಿದ್ದಿರಬಹುದು. 2014ರ ಜನವರಿಯಲ್ಲಿ ಅಮೆರಿಕದ ಡಲ್ಲಾಸಿನಲ್ಲಿ ನಮೀಬಿಯಾದ ಒಂದು ಕಪ್ಪು ಘೇಂಡಾಮೃಗ ಹೊಡೆಯುವ ಪರ್ಮಿಟ್ 3.5 ಲಕ್ಷ ಡಾಲರಿಗೆ ಹೋಯಿತು. ಅಳಿವಿನಂಚಿನ ಪ್ರಾಣಿ! ಕೊಂಡವನಿಗೆ ಜೀವಬೆದರಿಕೆ ಬಂತು. ಇಲ್ಲಿ ಜೀವಶಾಸ್ತ್ರದ ಒಂದು ಸಂಗತಿ ಇದೆ. ಕಪ್ಪು ಘೇಂಡಾಮೃಗದ ಗಂಡು ಮುದಿಯಾಗಿ ಮರಿ ಹುಟ್ಟಿಸುವ ಕಾಲ ಮುಗಿದ ಮೇಲೂ ಜಾಗ ಬಿಟ್ಟುಕೊಡುವುದಿಲ್ಲ. ಪ್ರಾಯದ ಗಂಡು, ಕೆಲವು ಸಲ ಹೆಣ್ಣು, ಮರಿಗಳನ್ನೂ ತಿವಿದು ಕೊಲ್ಲುತ್ತದೆ. ಅಂಥದ್ದನ್ನು ಗುರುತಿಸಿಯೇ ಪರ್ಮಿಟ್ ಕೊಡೋದು. 2004ರಲ್ಲಿ ವನ್ಯಜೀವಿ ವ್ಯಾಪಾರಕ್ಕೆ ಕಡಿವಾಣ ಹಾಕುವ ಸೈಟಿಸ್ ಅನ್ನುವ ಅಂತರರಾಷ್ಟ್ರೀಯ ಒಪ್ಪಂದದ ದೇಶಗಳು ನಮೀಬಿಯಾಕ್ಕೆ ವರ್ಷಕ್ಕೆ ಐದು, ದಕ್ಷಿಣ ಆಫ್ರಿಕಾಕ್ಕೆ ಐದು ಅಂತ ಒಪ್ಪಿದ್ದವು. ಆ ಹಣ ವನ್ಯಜೀವಿಗೆಂದೇ ಇರುವ ಸರ್ಕಾರಿ ನಿಧಿಗೆ ಹೋಯಿತು. ಪ್ರಪಂಚದ ಕಪ್ಪು ಘೇಂಡಾಮೃಗಗಳಲ್ಲಿ ಈಗ ಮೂರರಲ್ಲಿ ಒಂದು ನಮೀಬಿಯಾದಲ್ಲಿದೆ. ಈ ಲೆಕ್ಕ ನನಗೆ ಸರಿ ಕಾಣುತ್ತದೆ.

ಆದರೆ ಇದೇ 'ಮುದಿ ಗಂಡು, ಇನ್ನೇನು ಪ್ರಯೋಜನ' ಅನ್ನುವ ಮಾತನ್ನು ಬೇಟೆಯವರು ಆನೆಗೂ ಹೇಳುತ್ತಾರೆ. ಅಲ್ಲಿ ಅದು ತಪ್ಪು. ಕೀನ್ಯಾದ ಅಂಬೊಸೆಲಿಯಲ್ಲಿ 1970ರ ದಶಕದಿಂದ ಒಂದೊಂದು ಆನೆಯನ್ನೂ ಗುರುತಿಟ್ಟು ನೋಡುತ್ತಾ ಬಂದಿದ್ದಾರೆ. ಗಂಡಾನೆ ಅತಿ ಹೆಚ್ಚು ಮರಿ ಹುಟ್ಟಿಸೋದು 40 ದಾಟಿದ ಮೇಲೆ, ಮದ ಬಂದಾಗ. ದೊಡ್ಡ ದಂತ ಇರೋದೂ ಅಂಥ ಆನೆಗಳಿಗೇ. ಅಂದರೆ ಬೇಟೆಗಾರನಿಗೆ ಬೇಕಾದದ್ದೂ ಹೆಣ್ಣಾನೆಗೆ ಬೇಕಾದದ್ದೂ ಒಂದೇ. ಅಂಬೊಸೆಲಿಯ ಆನೆಗಳು ಗಡಿ ದಾಟಿ ತಾಂಜಾನಿಯಾಕ್ಕೆ ಹೋಗಿ ಬರುತ್ತವೆ. ಅವನ್ನು ಹೊಡೆಯಬಾರದು ಅಂತ 1990ರ ದಶಕದಿಂದ ಬಾಯಿಮಾತಿನ ಒಪ್ಪಂದ ಇತ್ತು. 2023ರ ಕೊನೆ ಮತ್ತು 2024ರಲ್ಲಿ ಅದು ಮುರಿಯಿತು, ನೆಲ ಮುಟ್ಟುವ ದಂತದ ಆನೆಗಳು ಗಡಿಯಾಚೆ ಬಿದ್ದವು. ಅಂಥ ದಂತದ ಆನೆಗಳು ಇಡೀ ಆಫ್ರಿಕಾದಲ್ಲೇ ಕೆಲವೇ ಕೆಲವು ಉಳಿದಿವೆ. ಇದಕ್ಕೆ ಸಂರಕ್ಷಣೆ ಅನ್ನುವ ಹೆಸರು ಒಪ್ಪುವುದಿಲ್ಲ, ಎಷ್ಟೇ ದುಡ್ಡು ಬಂದಿರಲಿ.

ಈಗ ಜಿಂಬಾಬ್ವೆ. ಊರಿನವರಿಗೆ ಬೇಟೆಯ ಪಾಲು ಅನ್ನುವ ಯೋಚನೆ ದೊಡ್ಡದಾಗಿ ಶುರುವಾದದ್ದೇ ಅಲ್ಲಿ, 1989ರಲ್ಲಿ, ಕ್ಯಾಂಪ್‌ಫೈರ್ ಅನ್ನುವ ಹೆಸರಿನಲ್ಲಿ. ಆದಾಯದ ಬಹುಪಾಲು ಆನೆ ಬೇಟೆಯಿಂದ. ಆದರೆ ಹಕ್ಕು ಕೊಟ್ಟದ್ದು ಹಳ್ಳಿಗಲ್ಲ, ಜಿಲ್ಲಾ ಕೌನ್ಸಿಲಿಗೆ. ಹಣ ಮೊದಲು ಅಲ್ಲಿಗೆ ಬರಬೇಕು, ಆಮೇಲೆ ಕೆಳಗೆ ಇಳಿಯಬೇಕು. ದೇವರು ಕೊಟ್ಟರೂ ಪೂಜಾರಿ ಕೊಡ ಅನ್ನೋದು ನಮ್ಮ ಗಾದೆ, ಅಲ್ಲಿಗೂ ಸರಿಯಾಗಿ ಹೊಂದುತ್ತದೆ. ಕೆಲವು ವಾರ್ಡುಗಳಲ್ಲಿ ಶಾಲೆ, ಹಿಟ್ಟಿನ ಗಿರಣಿ ಆದವು. ಬಹಳ ಕಡೆ ದುಡ್ಡು ಮೇಲೇ ನಿಂತಿತು. ನಿಂತ ಕಡೆ ಉರುಳುಗಳು ಮತ್ತೆ ಬಂದವು.

ಸೆಸಿಲ್ ಸಿಂಹ ಸತ್ತದ್ದೂ ಅದೇ ದೇಶದಲ್ಲಿ, 2015ರ ಜುಲೈನಲ್ಲಿ. ಹ್ವಾಂಗೆ ಉದ್ಯಾನದ ಪ್ರಸಿದ್ಧ ಸಿಂಹ, ಕುತ್ತಿಗೆಯಲ್ಲಿ ಆಕ್ಸ್‌ಫರ್ಡ್ ಸಂಶೋಧಕರ ರೇಡಿಯೊ ಪಟ್ಟಿ. ಅಮೆರಿಕದ ದಂತವೈದ್ಯನೊಬ್ಬ ಉದ್ಯಾನದ ಗಡಿಯ ಹೊರಗೆ ಬಾಣದಿಂದ ಹೊಡೆದ. ಸುಮಾರು 50,000 ಡಾಲರ್ ಕೊಟ್ಟಿದ್ದ ಅಂತ ಸುದ್ದಿಯಾಯಿತು. ಪ್ರಪಂಚ ಉರಿದುಬಿತ್ತು. ಕೆಲವು ದೇಶಗಳು ಸಿಂಹದ ತಲೆ, ಚರ್ಮ ತರುವುದನ್ನು ನಿಲ್ಲಿಸಿದವು. ಇದರ ಬಿಸಿ ತಟ್ಟಿದ ಒಂದು ಜಾಗದ ಬಗ್ಗೆ ಕಡಿಮೆ ಜನ ಮಾತಾಡುತ್ತಾರೆ. ಜಿಂಬಾಬ್ವೆಯ ದಕ್ಷಿಣದಲ್ಲಿ ಬುಬ್ಯೆ ವ್ಯಾಲಿ ಅಂತ ಇದೆ. ಮೊದಲು ಅದು ದನದ ಫಾರ್ಮು, ಸಿಂಹ ಇಲ್ಲವೇ ಇಲ್ಲ. 1990ರ ದಶಕದಲ್ಲಿ ದನ ಬಿಟ್ಟು ಪ್ರಾಣಿಗಳಿಗೆ ತಿರುಗಿದರು. 1999ರಲ್ಲಿ 17 ಸಿಂಹ ತಂದು ಬಿಟ್ಟರು. ಬೇಟೆಯ ಹಣದಲ್ಲೇ ನಡೆದ ಆ ಜಾಗದಲ್ಲಿ 15 ವರ್ಷಕ್ಕೆ ಸಿಂಹಗಳು ನೂರುಗಟ್ಟಲೆ ಆದವು, ಕಪ್ಪು ಘೇಂಡಾಮೃಗಗಳೂ ಬೆಳೆದವು. ಸೆಸಿಲ್ ಗಲಾಟೆಯ ಮೇಲೆ ಬೇಟೆಗಾರರು ಹಿಂಜರಿದರು, ಕಾವಲಿನ ಖರ್ಚಿಗೆ ಎಲ್ಲಿಗೆ ಹೋಗೋದು ಅನ್ನುವ ಚಿಂತೆ ಶುರುವಾಯಿತು. ಸೆಸಿಲನನ್ನು ಹೊಡೆದದ್ದು ಸರಿ ಅಂತ ನಾನು ಹೇಳುತ್ತಿಲ್ಲ. ಒಂದು ಕಡೆಯ ತಪ್ಪಿಗೆ ಇನ್ನೊಂದು ಕಡೆ ದಂಡ ಬಿತ್ತು ಅಂತಷ್ಟೆ.

ನಿಷೇಧ ಮಾಡಿದ ದೇಶಗಳನ್ನೂ ನೋಡೋಣ, ಇಲ್ಲದಿದ್ದರೆ ಒಂದೇ ಕಡೆಯ ವಾದವಾಗುತ್ತದೆ. ಕೀನ್ಯಾ 1977ರಲ್ಲೇ ಬೇಟೆ ನಿಲ್ಲಿಸಿತು. 1977ರಿಂದ 2016ರ ನಡುವೆ ಅಲ್ಲಿನ ಬಯಲುಗಳ ದೊಡ್ಡ ಪ್ರಾಣಿಗಳು ಸರಾಸರಿ ಶೇ 68ರಷ್ಟು ಕಡಿಮೆಯಾದವು. ಬೇಟೆಯ ಪರವಾಗಿ ಮಾತಾಡುವವರು ಈ ಅಂಕಿಯನ್ನು ಮೇಜಿನ ಮೇಲೆ ಕುಟ್ಟಿ ಕುಟ್ಟಿ ಹೇಳುತ್ತಾರೆ. ಅದು ಅರ್ಧ ನ್ಯಾಯ. ಆ 40 ವರ್ಷಗಳಲ್ಲಿ ಜನ ಹೆಚ್ಚಿದರು, ಕುರಿ ಮೇಕೆ ಹೆಚ್ಚಿದವು, ಬೇಲಿಗಳು ಬಂದವು, ಮಳೆ ಕೈಕೊಟ್ಟಿತು. ಬೇಟೆ ಇದ್ದಿದ್ದರೆ ಇದೆಲ್ಲ ನಿಲ್ಲುತ್ತಿತ್ತು ಅನ್ನಲು ಆಧಾರವಿಲ್ಲ. ಮಸಾಯ್ ಮಾರಾದ ಸುತ್ತ ಜಮೀನಿನ ಒಡೆಯರಿಗೆ ಲಾಡ್ಜುಗಳು ಬಾಡಿಗೆ ಕೊಡಲು ಶುರು ಮಾಡಿದ ಕಡೆ ಪ್ರಾಣಿಗಳು ಚೆನ್ನಾಗಿಯೇ ಇವೆ, ಅಲ್ಲಿ ಬಂದೂಕು ಇಲ್ಲ. ಅಲ್ಲೂ ಕೆಲಸ ಮಾಡಿದ್ದು ಒಡೆಯನ ಕೈಗೆ ಬಂದ ಬಾಡಿಗೆಯೇ. ಬೋಟ್ಸ್ವಾನಾ 2014ರಲ್ಲಿ ನಿಷೇಧಿಸಿ 2019ರಲ್ಲಿ ತೆಗೆಯಿತು. ಆ ದೇಶದಲ್ಲಿ ಸುಮಾರು 1.3 ಲಕ್ಷ ಆನೆಗಳು. ಒಕವಾಂಗೊ ಸುತ್ತಿನ ಹಳ್ಳಿಗಳಿಗೆ ಮಾಂಸವೂ ನಿಂತು ಹಣವೂ ನಿಂತಾಗ ಸಿಟ್ಟು ಏರಿತು. 2024ರಲ್ಲಿ ಜರ್ಮನಿ ಬೇಟೆಯ ದಂತ, ಚರ್ಮಗಳ ಆಮದಿಗೆ ಕಡಿವಾಣ ಹಾಕುವ ಮಾತೆತ್ತಿದಾಗ ಬೋಟ್ಸ್ವಾನಾದ ಆಗಿನ ಅಧ್ಯಕ್ಷ ಮಸೀಸಿ, 'ನಿಮಗೇ 20,000 ಆನೆ ಕಳಿಸುತ್ತೇನೆ, ಅವುಗಳ ಜೊತೆ ಬಾಳಿ ನೋಡಿ' ಅನ್ನುವ ಧಾಟಿಯಲ್ಲಿ ಹೇಳಿದರು. ಹಾಸನ ಜಿಲ್ಲೆಯವರಾದ ನಿಮಗೆ ಅದರ ರುಚಿ ಜಾಸ್ತಿ ಗೊತ್ತಾಗುತ್ತದೆ.

ಶುದ್ಧ ಬೊಗಳೆ ಅಂದೆನಲ್ಲ, ಅದು ದಕ್ಷಿಣ ಆಫ್ರಿಕಾದ ಸಾಕಿದ ಸಿಂಹದ ಬೇಟೆ. ಅಲ್ಲಿ ಬೋನಿನಲ್ಲಿ, ಬೇಲಿಯೊಳಗೆ ಸಾವಿರಾರು ಸಿಂಹಗಳಿವೆ. ಮರಿಯಾಗಿದ್ದಾಗ ಪ್ರವಾಸಿಗಳ ಮಡಿಲಲ್ಲಿ ಕೂರಿಸಿ ಬಾಟಲಿ ಹಾಲು ಕುಡಿಸಿ ಒಂದು ಸಂಪಾದನೆ, ದೊಡ್ಡದಾದ ಮೇಲೆ ಬೇಲಿಯೊಳಗೆ ಬಿಟ್ಟು ಗುಂಡು ಹೊಡೆಸಿ ಇನ್ನೊಂದು, ಮೂಳೆ ಏಷ್ಯಾಕ್ಕೆ ಮಾರಿ ಮೂರನೆಯದು. ಇದರಿಂದ ಒಂದು ಎಕರೆ ಕಾಡೂ ಉಳಿದಿಲ್ಲ. ಮುಚ್ಚುತ್ತೇವೆ ಅಂತ ಅಲ್ಲಿನ ಸರ್ಕಾರ 2021ರಲ್ಲಿ ಹೇಳಿದೆ. ಹೇಳಿದ್ದಷ್ಟೇ ಬೇಗ ಆಯಿತು, ಮುಚ್ಚುವುದು ನಿಧಾನ.

ಇನ್ನು ನಿಮ್ಮ ತೋಟದ ಆನೆ. ಇಲ್ಲ, ಆಗೋದಿಲ್ಲ. ಕಾನೂನು ಒಂದು ಕಡೆ ಇರಲಿ. 1972ರ ವನ್ಯಜೀವಿ ಕಾಯಿದೆ ಬಂದಾಗ ನಮ್ಮಲ್ಲಿ ಬೇಟೆ ನಿಲ್ಲಿಸಲೇಬೇಕಾಗಿತ್ತು, ಹುಲಿ ಮುಗಿಯುತ್ತಾ ಬಂದಿತ್ತು. ಅದನ್ನು ಯಾರೂ ಹಿಂದಕ್ಕೆ ತಿರುಗಿಸಬೇಕು ಅಂತ ನನಗನಿಸಿಲ್ಲ. ನಿಜವಾದ ತೊಡಕು ಜಾಗದ್ದು. ನ್ಯಾಯ್ ನ್ಯಾಯ್‌ನಲ್ಲಿ 9,000 ಚದರ ಕಿಲೋಮೀಟರಿಗೆ ಕೆಲವೇ ಸಾವಿರ ಜನ. ಆಲೂರು ಸಕಲೇಶಪುರದಲ್ಲಿ ಆನೆ ನಿಂತ ಜಾಗದಿಂದ ಕೂಗಿದರೆ ಲೈನ್ ಮನೆಗೆ ಕೇಳುತ್ತದೆ. ಅಲ್ಲಿ ಗುಂಡು ಬಿದ್ದು ಗಾಯಗೊಂಡ ಆನೆ ಯಾರ ಅಂಗಳಕ್ಕೆ ಬರುತ್ತದೆ ಅಂತ ನಾನು ನಿಮಗೆ ಹೇಳಬೇಕಾಗಿಲ್ಲ. ಏಷ್ಯಾದ ಗಂಡಾನೆಗಳಲ್ಲಿ ದಂತ ಇರುವವು ಕಳ್ಳಬೇಟೆಗೆ ಈಗಾಗಲೇ ಬಹಳ ಹೋಗಿವೆ, ಇನ್ನಷ್ಟು ಆರಿಸಿ ತೆಗೆದರೆ ಉಳಿಯೋದು ದಂತವಿಲ್ಲದ ಗಂಡುಗಳು, ಮಖ್ನಾಗಳು. ಮೇಲಾಗಿ ಗಣೇಶನಿಗೆ ಕೈಮುಗಿದು ಬಂದ ಬೆಳೆಗಾರ ಆನೆಯ ಕೋಟಾಕ್ಕೆ ಸಹಿ ಹಾಕುತ್ತಾನಾ? ಬೈಯುತ್ತಾನೆ, ಪಟಾಕಿ ಹೊಡೆಯುತ್ತಾನೆ, ಸಹಿ ಹಾಕೋದಿಲ್ಲ.

ಬಂದೂಕು ಬಿಟ್ಟು ಅಲ್ಲಿಂದ ತರಬಹುದಾದದ್ದು ಬೇರೆ ಇದೆ. ನಿಮ್ಮ ಕಾಳುಮೆಣಸು, ಬಾಳೆ, ಗದ್ದೆ ಹಾಳಾದಾಗ ಆನೆ ಸರ್ಕಾರದ್ದು, ನಷ್ಟ ನಿಮ್ಮದು. 1967ಕ್ಕೆ ಮೊದಲಿನ ನಮೀಬಿಯಾದ ರೈತನ ಸ್ಥಿತಿ ಇದೇ ಆಗಿತ್ತು. ಆನೆ ಇರುವ ತೋಟಕ್ಕೆ ಆನೆಯಿಂದಲೇ ಏನಾದರೂ ಬರುವಂತೆ ಮಾಡೋದು, ಪರಿಹಾರ ಅಂತ ಅರ್ಜಿ ಹಿಡಿದು ಅಲೆಯುವ ಬದಲು ಊರಿನ ಖಾತೆಗೇ ಸಫಾರಿ ಹಣದ ಪಾಲು ಬರೋದು, ಲೆಕ್ಕ ಊರಿನ ಗೋಡೆಯ ಮೇಲೆ ಇರೋದು. ಬೇಟೆ ಇಲ್ಲದೆಯೂ ಇದು ಆಗುತ್ತದೆ, ಮಾರಾದಲ್ಲಿ ಆಗಿದೆ. ಇನ್ನೊಂದು ಕೊಂಡಿಯೂ ಇದೆ. 2022ರ ಸೆಪ್ಟೆಂಬರಿನಲ್ಲಿ ಕುನೋಕ್ಕೆ ಬಂದ ಎಂಟು ಚೀತಾಗಳು ನಮೀಬಿಯಾದವು. ಆ ದೇಶದ ಬಹುಪಾಲು ಚೀತಾಗಳು ಇರೋದು ಉದ್ಯಾನಗಳಲ್ಲಿ ಅಲ್ಲ, ಖಾಸಗಿ ಫಾರ್ಮುಗಳಲ್ಲಿ. 1980ರ ದಶಕದಲ್ಲಿ ಅದೇ ಫಾರ್ಮುಗಳಲ್ಲಿ ಸಾವಿರಾರು ಚೀತಾಗಳನ್ನು ಪೀಡೆ ಅಂತ ತೆಗೆದಿದ್ದರು.

ಕೊನೆಗೆ ನಿಮ್ಮ ಫೋಟೊ. ಎಲ್ಲಿ ತೆಗೆದದ್ದು ಅಂತ ಅದರಿಂದ ತಿಳಿಯುವುದಿಲ್ಲ. ಆದರೆ ದೊಡ್ಡದು ಮಾಡಿ ಸಿಂಹದ ಮೂಗು ನೋಡಿದೆ. ಸಿಂಹದ ಮೂಗು ಮರಿಯಲ್ಲಿ ಗುಲಾಬಿ ಇರುತ್ತದೆ, ವಯಸ್ಸಾಗುತ್ತಾ ಕಪ್ಪು ಚುಕ್ಕೆ ತುಂಬಿಕೊಳ್ಳುತ್ತದೆ. ತಾಂಜಾನಿಯಾದ ಸೆರೆಂಗೆಟಿಯ ಸಿಂಹಗಳನ್ನು ನೋಡಿ ಸಿಂಹ ಸಂಶೋಧಕ ಕ್ರೇಗ್ ಪ್ಯಾಕರ್ ಮತ್ತು ಜೊತೆಗಾರರು 2004ರಲ್ಲಿ ಒಂದು ಲೆಕ್ಕ ಕೊಟ್ಟರು. ಅರ್ಧಕ್ಕಿಂತ ಜಾಸ್ತಿ ಕಪ್ಪಾಗಿದ್ದರೆ ಸಿಂಹಕ್ಕೆ ಐದು ದಾಟಿದೆ. ಹಾಗೆ ನೋಡಿ, ಐದಾರು ವರ್ಷ ದಾಟಿದ ಗಂಡನ್ನೇ ಹೊಡೆದರೆ ಗುಂಪಿಗೆ ಹೆಚ್ಚು ಪೆಟ್ಟಿಲ್ಲ, ಅದರ ಮೊದಲ ಮರಿಗಳು ಅಷ್ಟರಲ್ಲಿ ಬೆಳೆದಿರುತ್ತವೆ. ಅದಕ್ಕಿಂತ ಚಿಕ್ಕದನ್ನು ಹೊಡೆದರೆ ಹೊಸ ಗಂಡು ಬರುತ್ತದೆ, ಬಂದದ್ದು ಹಳೆಯದರ ಮರಿಗಳನ್ನು ಕೊಲ್ಲುತ್ತದೆ. ಬೇಟೆಗಾರನ ಲೆಕ್ಕದಲ್ಲಿ ಒಂದು ಸಿಂಹ, ಕಾಡಿನ ಲೆಕ್ಕದಲ್ಲಿ ಐದಾರು. ಮೊಜಾಂಬಿಕ್‌ನ ನಿಯಾಸಾದಲ್ಲಿ ಇದನ್ನೇ ನಿಯಮ ಮಾಡಿದ್ದಾರೆ. ಹೊಡೆದ ಮೇಲೆ ಹಲ್ಲು, ತಲೆಬುರುಡೆ ತಪಾಸಣೆಗೆ ಹೋಗುತ್ತದೆ. ಆರು ವರ್ಷ ದಾಟಿದ್ದರೆ ಕಂಪನಿಗೆ ಅಂಕ, ನಾಲ್ಕರ ಒಳಗಿದ್ದರೆ ಮುಂದಿನ ವರ್ಷದ ಕೋಟಾಕ್ಕೆ ಕತ್ತರಿ.

ನಿಮ್ಮ ಮಗ ಕಳಿಸಿದ ಫೋಟೊದ ಸಿಂಹದ ಮೂಗು ಮುಕ್ಕಾಲು ಪಾಲು ಗುಲಾಬಿ. ಕೇಸರವೂ ಇನ್ನೂ ತೆಳುವೇ.